ಗೂಡಿನಲ್ಲಿರುವ ಮೊಲದ ಮರಿಗಳು ಚೆನ್ನಾಗಿವೆಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ಮೊಲ ಮರಿ ಹಾಕಿದ ಮೊದಲ ಎರಡು ವಾರ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಚಿಂತೆ. ತಾಯಿ ಗೂಡಿನ ಕಡೆ ತಲೆ ಹಾಕ್ತಿಲ್ಲ, ಮರಿ ಮುಟ್ಟಬಹುದಾ, ಹಾಲು ಸಿಕ್ಕಿದೆಯೋ ಇಲ್ಲವೋ. ಮನೆಯಲ್ಲಿ ಸಾಕಿದ ಮೊಲಗಳ ಬಗ್ಗೆ ಇಂಥ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಈಗಷ್ಟೇ ತಣ್ಣಗಾದ ಮರಿ ಕೈಯಲ್ಲಿ ಹಿಡಿದುಕೊಂಡು ಓದುತ್ತಿದ್ದರೆ ಬೇರೆಲ್ಲ ಬಿಟ್ಟು ಕೆಳಗೆ "ಮರಿ ಗೂಡಿನ ಹೊರಗೆ ಬಿದ್ದಿದೆ" ಅನ್ನುವ ಪ್ರಶ್ನೆಗೆ ಹೋಗಿ.

ಮರಿಗಳನ್ನು ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತಾ?

ಇಲ್ಲ. ಈ ಮಾತು ಎಲ್ಲಿಂದ ಶುರುವಾಯಿತೋ ಏನೋ, ಹೋಗೋ ಹಾಗೆ ಕಾಣಲ್ಲ. ಸಾಕಿದ ಮೊಲಕ್ಕೆ ನಿಮ್ಮ ಕೈ ವಾಸನೆ ದಿನಾ ಗೊತ್ತಿರೋದೇ ತಾನೇ? ಮುಟ್ಟಿದ್ದಕ್ಕೆ ಅದು ಮರಿ ಬಿಡಲ್ಲ. ಮುಟ್ಟದೇ ಸುಮ್ನೆ ಬಿಟ್ಟರೇ ತೊಂದರೆ. ಸತ್ತ ಮರಿಯೊಂದು ಗೂಡಿನ ತಳದಲ್ಲಿ ಕೊಳೆಯುತ್ತಿದ್ದರೂ ಗೊತ್ತಾಗಲ್ಲ.

ಕೈಯನ್ನು ಘಮಘಮ ಅನ್ನದ ಸಾಬೂನಿನಲ್ಲಿ ತೊಳೆದು ಒರೆಸಿಕೊಳ್ಳಿ. ಆಮೇಲೆ ತಾಯಿಯ ಪಂಜರದಲ್ಲಿರುವ ಒಣಹುಲ್ಲನ್ನು ಒಂದು ಹಿಡಿ ತಗೊಂಡು ಅಂಗೈಗೆ ಉಜ್ಜಿಕೊಳ್ಳಿ. ನಾಯಿಯನ್ನೋ ಬೆಕ್ಕನ್ನೋ ಮುದ್ದು ಮಾಡಿದ ಕೈಯಲ್ಲಿ, ಸೆಂಟು ಹಾಕಿಕೊಂಡ ಕೈಯಲ್ಲಿ ಗೂಡಿಗೆ ಹೋಗಬೇಡಿ, ಅಷ್ಟೇ.

ಮೊದಲ ಸಲ ಯಾವಾಗ ನೋಡಬೇಕು?

ಮರಿ ಹಾಕಿದ ದಿನವೇ. ಗಬ್ಬ ಕಟ್ಟಿದ ಮೇಲೆ ಸುಮಾರು 31 ದಿನಕ್ಕೆ ಮೊಲ ಮರಿ ಹಾಕುತ್ತದೆ, ಒಂದೆರಡು ದಿನ ಹಿಂದೆ ಮುಂದೆ ಆಗಬಹುದು. ಬಹುತೇಕ ರಾತ್ರಿ ಅಥವಾ ಬೆಳಗಿನ ಜಾವವೇ. ಎಲ್ಲ ಸರಿಯಾಗಿದ್ದರೆ ಅರ್ಧ ಗಂಟೆಯೊಳಗೆ ಮುಗಿದುಹೋಗಿರುತ್ತದೆ, ನೀವು ಎದ್ದು ನೋಡಿದಾಗ ಗೂಡಿನ ಮೇಲೆ ಬೆಳ್ಳನೆ ತುಪ್ಪಳದ ರಾಶಿ, ಅದು ಅಲ್ಲಲ್ಲಿ ಮೆಲ್ಲಗೆ ಏಳುತ್ತಾ ಇಳಿಯುತ್ತಾ ಇರುತ್ತದೆ. ತುಪ್ಪಳ ಹಾಗೆ ಅಲುಗುತ್ತಿದ್ದರೆ ಕೆಳಗೆ ಜೀವ ಇದೆ ಅಂತ.

ಬಾಣಂತಿ ಮೊಲಕ್ಕೆ ಮೊದಲು ನೀರು, ಒಣಹುಲ್ಲು ಕೊಡಿ. ಅದು ಸ್ವಲ್ಪ ಸಮಾಧಾನವಾದ ಮೇಲೆ ಇಷ್ಟದ ಸೊಪ್ಪು ತೋರಿಸಿ ಬೇರೆ ಕಡೆಗೆ ಕರೆದುಕೊಂಡು ಹೋಗಿ, ಗೂಡು ಅದರ ಕಣ್ಣಿಗೆ ಬೀಳದ ಹಾಗೆ. ಈಗ ತುಪ್ಪಳ ಸರಿಸಿ ಒಂದೊಂದೇ ಮರಿಯನ್ನು ತೆಗೆದು ನೋಡಿ. ಸತ್ತ ಮರಿ, ಉಳಿದ ಮಾಸು, ರಕ್ತದಲ್ಲಿ ನೆನೆದ ಹುಲ್ಲು ಇದ್ದರೆ ಎತ್ತಿ ಹಾಕಿ. ಮೂಲೆ ಮೂಲೆಯಲ್ಲೂ ಬೆರಳಾಡಿಸಿ, ಒಂದು ಮರಿ ಗುಂಪಿನಿಂದ ತಪ್ಪಿಸಿಕೊಂಡು ಹುಲ್ಲಿನ ಅಡಿಯಲ್ಲಿ ಒಂಟಿಯಾಗಿ ಬಿದ್ದಿರೋದು ಮಾಮೂಲು. ಎಣಿಸಿ ಎಲ್ಲಾದರೂ ಬರೆದಿಡಿ. ನಾಳೆ 7 ಮರಿ ಕಂಡಾಗ ಮೊದಲು ಇದ್ದದ್ದು 7 ಅಥವಾ 8 ಅಂತ ತಲೆ ಕೆರೆದುಕೊಳ್ಳುವ ಗತಿ ಬರಬಾರದು. ಆಮೇಲೆ ತುಪ್ಪಳವನ್ನು ಮೊದಲಿದ್ದ ಹಾಗೇ ಮುಚ್ಚಿ. ಇಷ್ಟಕ್ಕೆ ಐದು ನಿಮಿಷ ಸಾಕು.

ಮರಿಗಳು ಬೋಳಾಗಿ, ಕಣ್ಣು ಮುಚ್ಚಿಕೊಂಡು, ಕಿವಿ ತಲೆಗೆ ಅಂಟಿಕೊಂಡೇ ಇರುತ್ತವೆ. ಅದು ಸಹಜ.

ತಾಯಿ ಮರಿಗಳ ಹತ್ತಿರ ಕೂರುವುದೇ ಇಲ್ಲ. ಬಿಟ್ಟುಬಿಟ್ಟಿದೆಯಾ?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ನಾಯಿ, ಬೆಕ್ಕು ಮರಿಗಳ ಜೊತೆ ದಿನವಿಡೀ ಮಲಗಿ ಹಾಲು ಕುಡಿಸುವುದನ್ನು ನೋಡಿದವರಿಗೆ ಮೊಲದ ನಡತೆ ನೋಡಿ ಗಾಬರಿಯಾಗೋದು ಸಹಜವೇ. ಆದರೆ ಮೊಲ ಹಾಲು ಕುಡಿಸುವುದೇ ದಿನಕ್ಕೆ ಒಂದು ಸಲ, ಕೆಲವು ಎರಡು ಸಲ. ಅದೂ ಮೂರರಿಂದ ಐದು ನಿಮಿಷ. ಗೂಡಿಗೆ ಹಾರಿ, ಮರಿಗಳ ಮೇಲೆ ನಿಂತು, ಮುಗಿದ ತಕ್ಷಣ ಹೊರಗೆ ಜಿಗಿದು, ಏನೂ ಆಗಿಲ್ಲ ಅನ್ನೋ ಹಾಗೆ ಹುಲ್ಲು ಮೆಲ್ಲುತ್ತಾ ಕೂರುತ್ತದೆ. ಹೆಚ್ಚಾಗಿ ರಾತ್ರಿ ಹೊತ್ತು ಅಥವಾ ನಸುಕಿನಲ್ಲಿ, ಅಂದರೆ ನೀವು ಮಲಗಿರುವಾಗ.

ಮೊಲ ಬೇರೆ ಪ್ರಾಣಿಗಳ ಬಾಯಿಗೆ ಬೀಳುವ ಪ್ರಾಣಿ. ಕಾಡಿನಲ್ಲಿ ತಾಯಿ ಗೂಡಿನ ಬಳಿಯೇ ಸುಳಿದಾಡುತ್ತಿದ್ದರೆ ವಾಸನೆ ಹಿಡಿದು ಬಂದ ನರಿಗೆ ಮರಿಗಳ ಜಾಗವನ್ನೂ ತೋರಿಸಿಕೊಟ್ಟಂತೆ. ದೂರ ಇರುವುದೇ ಅದರ ಕಾವಲು. ಒಂದೇ ಹೊತ್ತಿನ ಊಟ ಸಾಲಬೇಕು ಅಂತ ಹಾಲೂ ಹಾಗೇ ಗಟ್ಟಿ. ಹಸುವಿನ ಹಾಲಿನಲ್ಲಿ ಕೊಬ್ಬು ನೂರಕ್ಕೆ ಸುಮಾರು 4 ಭಾಗ, ಮೊಲದ ಹಾಲಿನಲ್ಲಿ 12ಕ್ಕೂ ಮೇಲೆ. ಮರಿಗಳೂ ಕಾಲ ಹಾಳು ಮಾಡಲ್ಲ, ಕಣ್ಣು ಕಾಣದಿದ್ದರೂ ವಾಸನೆ ಹಿಡಿದು ಕೆಲವೇ ಸೆಕೆಂಡಿನಲ್ಲಿ ಮೊಲೆಗೆ ಬಾಯಿ ಹಾಕುತ್ತವೆ. ಹಾಲಿನಲ್ಲಿರುವ ಒಂದು ವಾಸನೆಯ ರಾಸಾಯನಿಕವೇ ಅವನ್ನು ಹಾಗೆ ಎಳೆಯುತ್ತದೆ ಅಂತ 2003ರಲ್ಲಿ ಫ್ರಾನ್ಸಿನ ಸಂಶೋಧಕರು ಕಂಡುಹಿಡಿದರು.

ಹಾಗಾಗಿ ತಾಯಿ ಎಲ್ಲಿ ಕೂತಿದೆ ಅಂತ ನೋಡಬೇಡಿ. ಮರಿಯ ಹೊಟ್ಟೆ ನೋಡಿ. ತಾಯಿಯನ್ನು ಹಿಡಿದು ಗೂಡಿನೊಳಗೆ ಕೂಡಿಹಾಕುವುದಂತೂ ಬೇಡವೇ ಬೇಡ, ಗಾಬರಿಯಲ್ಲಿ ಮರಿಗಳನ್ನೇ ತುಳಿದುಬಿಡುತ್ತದೆ.

ಹಾಲು ಕುಡಿದಿವೆ ಅಂತ ಗೊತ್ತಾಗುವುದು ಹೇಗೆ?

ಬೆಳಿಗ್ಗೆ ಎದ್ದ ತಕ್ಷಣ ನೋಡಿ, ಆಗ ಚೆನ್ನಾಗಿ ಗೊತ್ತಾಗುತ್ತದೆ. ಮರಿಯನ್ನು ಅಂಗೈಯಲ್ಲಿ ಹಗುರವಾಗಿ ಮಲಗಿಸಿ ಹೊಟ್ಟೆ ಮೇಲಕ್ಕೆ ಬರುವ ಹಾಗೆ ತಿರುಗಿಸಿ. ಕುಡಿದ ಮರಿಯ ಹೊಟ್ಟೆ ಗುಂಡಗೆ, ಬಿಗಿಯಾಗಿ ಉಬ್ಬಿರುತ್ತದೆ. ತಿಳಿ ಬಣ್ಣದ ಮರಿಯಾದರೆ ಚರ್ಮ ಎಷ್ಟು ತೆಳು ಅಂದರೆ, ಪಕ್ಕೆಲುಬಿನ ಕೆಳಗೆ ಎಡಗಡೆಗೆ ಬೆಳ್ಳಗೆ ಒಂದು ಪಟ್ಟಿ ಕಾಣಿಸುತ್ತದೆ. ಅದು ಹೊಟ್ಟೆಯಲ್ಲಿರುವ ಹಾಲೇ. ಕಪ್ಪು ಮರಿಗಳಲ್ಲಿ ಅದು ಕಾಣಲ್ಲ, ಬೆರಳಿನಲ್ಲಿ ಮುಟ್ಟಿ ತಿಳಿಯಬೇಕು.

ಹಸಿದ ಮರಿಯದು ಬೇರೆಯೇ ರೂಪ. ಹೊಟ್ಟೆ ಒಳಕ್ಕೆ ಹೋಗಿರುತ್ತದೆ, ಪಕ್ಕದಲ್ಲಿ ಚರ್ಮ ಸುಕ್ಕುಗಟ್ಟಿ ಮುದುಕರ ಕೈ ಹಾಗೆ ಸಡಿಲವಾಗಿರುತ್ತದೆ. ಗುಂಪಿನಲ್ಲಿ ಸುಮ್ಮನೆ ಮಲಗಿರಲ್ಲ, ಚೀಂಗುಡುತ್ತಾ ಗೂಡೆಲ್ಲ ತೆವಳುತ್ತದೆ. ಕೈ ಹಾಕಿದ ಕೂಡಲೇ ಬೆರಳ ಸಂದಿಯಲ್ಲೆಲ್ಲ ಮೂತಿ ತೂರಿಸಿ ಹುಡುಕುತ್ತದೆ. ಇಲ್ಲಿ ಒಂದು ವಿಷಯ ನೆನಪಿಡಿ: ಚೆನ್ನಾಗಿ ಕುಡಿದ ಮರಿಗಳೂ ಮುಟ್ಟಿದಾಗ ಬೆಚ್ಚಿ ಪುಟಿಯುತ್ತವೆ, ಮುಂದಿನ ಊಟದ ಹೊತ್ತು ಹತ್ತಿರ ಬಂದಾಗ ಎಲ್ಲವೂ ತುಪ್ಪಳದಿಂದ ಮೇಲೆದ್ದು ಕಾಯುತ್ತವೆ. ಸಂಜೆ ಹೊಟ್ಟೆ ಸ್ವಲ್ಪ ಇಳಿದಿರುವುದೂ ಸಹಜ. ಒಂದು ಸಲ ನೋಡಿ ತೀರ್ಮಾನ ಮಾಡಬೇಡಿ, ಬೆಳಿಗ್ಗೆಯಿಂದ ಬೆಳಿಗ್ಗೆಗೆ ಹೋಲಿಸಿ.

ತೂಕ ನೋಡಬೇಕಾ?

ನೋಡಿದರೆ ಒಳ್ಳೆಯದು. ಹುಟ್ಟಿದ ಮರಿ ತಳಿಗೆ ತಕ್ಕಂತೆ 30ರಿಂದ 80 ಗ್ರಾಂ ಇರುತ್ತದೆ. ಒಂದು ವಾರದ ಹೊತ್ತಿಗೆ ಅದು ಎರಡರಷ್ಟಾಗಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ಒಂದು ಬಟ್ಟಲು, ಅದರಲ್ಲಿ ಬೆಚ್ಚಗಿನ ಬಟ್ಟೆ, ದಿನಾ ಒಂದೇ ಹೊತ್ತಿಗೆ. ಒಂದು ದಿನ ಏರದಿದ್ದರೆ ಕಣ್ಣಿಡಿ, ಎರಡನೇ ದಿನವೂ ಏರದಿದ್ದರೆ ಆ ಮರಿಗೆ ಹಾಲು ಸಿಗ್ತಿಲ್ಲ ಅಂತಲೇ ಲೆಕ್ಕ.

ಹುಟ್ಟಿ ಒಂದು ದಿನ ಆಯಿತು, ಎಲ್ಲ ಹೊಟ್ಟೆಯೂ ಖಾಲಿ. ಏನು ಮಾಡಲಿ?

ಮೊದಲ ಸಲ ಮರಿ ಹಾಕಿದ ಮೊಲ ಮೊದಲ ರಾತ್ರಿ ಕುಡಿಸದೇ ಇರುವುದುಂಟು. ಬೆಚ್ಚಗಿದ್ದರೆ ಮರಿಗಳು ಅಷ್ಟನ್ನು ತಡೆದುಕೊಳ್ಳುತ್ತವೆ. 24 ಗಂಟೆ ದಾಟಿದರೂ ಹೊಟ್ಟೆ ಖಾಲಿಯೇ ಇದ್ದರೆ ನೀವೇ ಕುಡಿಸಬೇಕು. ತಾಯಿಯನ್ನು ಮೆಲ್ಲಗೆ ಎತ್ತಿ ಗೂಡಿನಲ್ಲಿ ಮರಿಗಳ ಮೇಲೆ ನಿಲ್ಲಿಸಿ, ತಲೆ ಸವರುತ್ತಾ, ಕಣ್ಣಿಗೆ ಅಂಗೈ ಅಡ್ಡ ಹಿಡಿದು ಐದು ನಿಮಿಷ ಹಾಗೇ ಇರಿಸಿಕೊಳ್ಳಿ. ಕೆಲವು ಮೊಲ ಇಷ್ಟಕ್ಕೇ ಒಗ್ಗಿಕೊಂಡು ಮಾರನೆಯ ದಿನದಿಂದ ತಾವೇ ಹೋಗುತ್ತವೆ.

ನಿಲ್ಲದೇ ಒದ್ದಾಡಿದರೆ ಇಬ್ಬರು ಬೇಕು. ಒಬ್ಬರು ತೊಡೆಯ ಮೇಲೆ ಓರೆಯಾಗಿ ಕೂರಿಸಿಕೊಂಡು ಹಿಂಭಾಗಕ್ಕೆ ಭದ್ರವಾಗಿ ಆಸರೆ ಕೊಡಬೇಕು, ಇನ್ನೊಬ್ಬರು ಮರಿಗಳನ್ನು ಒಂದೊಂದಾಗಿ ಮೊಲೆಗೆ ಹಿಡಿಯಬೇಕು. ಹಿಂಗಾಲಿಗೆ ಆಸರೆ ಇಲ್ಲದೆ ಮೊಲ ಜೋರಾಗಿ ಒದ್ದರೆ ಅದರ ಬೆನ್ನುಮೂಳೆಯೇ ಮುರಿಯಬಹುದು. ಇದನ್ನು ಹಗುರವಾಗಿ ತಗೋಬೇಡಿ. ಆಗುವುದಿಲ್ಲ ಅನ್ನಿಸಿದರೆ ಮೊಲಗಳನ್ನು ನೋಡಿ ಗೊತ್ತಿರುವ ಪಶುವೈದ್ಯರ ಹತ್ತಿರ ಕರೆದೊಯ್ಯಿರಿ.

ಮರಿ ಗೂಡಿನ ಹೊರಗೆ ಬಿದ್ದಿದೆ, ತಣ್ಣಗಾಗಿದೆ. ಸತ್ತಿದೆಯಾ?

ಬೆಚ್ಚಗೆ ಮಾಡಿ ನೋಡದೆ ಸತ್ತಿದೆ ಅಂತ ಹೇಳಲೇಬೇಡಿ. ಕಲ್ಲಿನ ಹಾಗೆ ತಣ್ಣಗಾಗಿ, ಬಣ್ಣ ನೀಲಿಗಟ್ಟಿ, ಅಲುಗಾಡದ ಮರಿಗಳೂ ಬಿಸಿ ತಾಗಿದ ಮೇಲೆ ಬಾಯಿ ತೆರೆದದ್ದುಂಟು.

ಅಂಗಿಯೊಳಗೆ ಮೈಗೆ ತಾಗಿಸಿ ಹಿಡಿದುಕೊಳ್ಳುವುದು ಎಲ್ಲಕ್ಕಿಂತ ಸುಲಭ, ಆ ಹೊತ್ತಿಗೆ ಬೇರೆ ಏರ್ಪಾಡು ಮಾಡಬಹುದು. ಬಿಸಿನೀರಿನ ಬಾಟಲಿಗೆ ದಪ್ಪ ಬಟ್ಟೆ ಸುತ್ತಿ ಮರಿಯನ್ನು ಅದರ ಪಕ್ಕ ಮಲಗಿಸಿ. ಮರಿ ತೀರಾ ತಣ್ಣಗಿದ್ದರೆ, ಮೈಗೆ ಹಿತವೆನಿಸುವಷ್ಟು ಬೆಚ್ಚಗಿನ ನೀರಿನಲ್ಲಿ, ಅಂದರೆ 38 ಡಿಗ್ರಿ ಆಸುಪಾಸು, ತಲೆಯನ್ನು ಬೆರಳಿನಲ್ಲಿ ಮೇಲೆತ್ತಿ ಹಿಡಿದು ಕತ್ತಿನವರೆಗೆ ಮುಳುಗಿಸಿ ಇಟ್ಟುಕೊಳ್ಳಬಹುದು. ಕೈಕಾಲು ಆಡಿಸತೊಡಗಿದ ಮೇಲೆ ತೆಗೆದು ಪೂರ್ತಿ ಒಣಗುವವರೆಗೆ ಒರೆಸಿ. ಒದ್ದೆ ಮರಿಯನ್ನು ಗೂಡಿಗೆ ಹಾಕಿದರೆ ಮತ್ತೆ ಮೊದಲಿನ ಕಥೆಯೇ. ಬಿಸಿಗಾಳಿಯ ಡ್ರೈಯರ್ ಹತ್ತಿರ ಹಿಡಿಯುವುದು, ಬಿಸಿಲಿಗೆ ಇಡುವುದು ಬೇಡ, ಆ ಚರ್ಮ ಸುಟ್ಟುಹೋಗುತ್ತದೆ. ತಣ್ಣಗಿರುವಾಗ ಹಾಲೂ ಹಾಕಬೇಡಿ. ನುಂಗುವ ಶಕ್ತಿ ಇರಲ್ಲ, ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಬೆಚ್ಚಗಾದ ಮೇಲೆ ಒಡಹುಟ್ಟಿದ ಮರಿಗಳ ಗುಂಪಿನ ನಟ್ಟನಡುವೆ ಇಟ್ಟುಬಿಡಿ.

ಬಿದ್ದದ್ದು ಹೇಗೆ ಅಂದರೆ, ಸಾಮಾನ್ಯವಾಗಿ ಮೊಲೆ ಕಚ್ಚಿಕೊಂಡೇ ಇದ್ದ ಮರಿ ತಾಯಿ ಹೊರಗೆ ಜಿಗಿದಾಗ ಜೊತೆಗೇ ಬಂದಿರುತ್ತದೆ. ಬೆಕ್ಕಿನ ಹಾಗೆ ಕತ್ತು ಕಚ್ಚಿ ವಾಪಸ್ ಒಯ್ಯುವ ಅಭ್ಯಾಸ ಮೊಲಕ್ಕಿಲ್ಲ. ಪಕ್ಕದಲ್ಲೇ ಬಿದ್ದಿದ್ದರೂ ಹಾಗೇ ಬಿಡುತ್ತದೆ, ಕಲ್ಲು ಮನಸ್ಸಿನಿಂದಲ್ಲ, ಅದಕ್ಕೆ ಅದು ಬರಲ್ಲ ಅಷ್ಟೇ. ಗೂಡಿನ ಪೆಟ್ಟಿಗೆಯ ಬಾಗಿಲಿಗೆ ಅಂಗೈ ಅಗಲದಷ್ಟು ಎತ್ತರದ ಹೊಸ್ತಿಲು ಇದ್ದರೆ, ತಾಯಿ ದಾಟುವಾಗ ಮರಿ ಅದಕ್ಕೆ ತಾಗಿ ಒಳಗೇ ಬೀಳುತ್ತದೆ.

ಗೂಡು ಎಷ್ಟು ಬೆಚ್ಚಗಿರಬೇಕು?

ಮರಿಗಳ ಸುತ್ತ 30 ಡಿಗ್ರಿ ಆಸುಪಾಸು. ಮೊದಲ ವಾರ ಅವಕ್ಕೆ ತಮ್ಮ ಮೈಬಿಸಿ ಕಾಪಾಡಿಕೊಳ್ಳಲು ಆಗಲ್ಲ, ಒಂದಕ್ಕೊಂದು ಅಂಟಿಕೊಂಡು ಮಲಗುವುದೇ ದಾರಿ. ಥರ್ಮಾಮೀಟರ್ ಇಲ್ಲದಿದ್ದರೂ ಪರವಾಗಿಲ್ಲ, ಮಲಗಿರುವ ರೀತಿಯೇ ಹೇಳುತ್ತದೆ. ಒತ್ತೊತ್ತಾಗಿ, ಸದ್ದಿಲ್ಲದೆ ಮಲಗಿದ್ದರೆ ಸರಿಯಿದೆ. ಬೇರೆ ಬೇರೆಯಾಗಿ ಕೈಕಾಲು ಚಾಚಿ, ಮೈ ಕೆಂಪಗಾಗಿ, ಏದುಸಿರು ಬಿಡುತ್ತಿದ್ದರೆ ಸೆಕೆ. ಮೇಲಿನ ತುಪ್ಪಳ ಸ್ವಲ್ಪ ತೆಗೆದು ಪಕ್ಕಕ್ಕಿಡಿ, ಬಿಸಾಡಬೇಡಿ, ರಾತ್ರಿ ಚಳಿಯಾದರೆ ಬೇಕಾಗುತ್ತದೆ. ಒಂದೇ ಮರಿ ಹುಟ್ಟಿದ್ದರೆ ಜಾಸ್ತಿ ಎಚ್ಚರ ಬೇಕು, ಅಂಟಿಕೊಳ್ಳಲು ಅದಕ್ಕೆ ಜೊತೆಯಿಲ್ಲ.

ತಾಯಿ ತುಪ್ಪಳವನ್ನೇ ಕಿತ್ತಿಲ್ಲ.

ಮರಿ ಹಾಕುವ ಹೊತ್ತಿಗೆ ಹೊಟ್ಟೆಯ ತುಪ್ಪಳ ಸಡಿಲವಾಗಿರುತ್ತದೆ. ನೀವೇ ಮೆಲ್ಲಗೆ ಎಳೆದರೆ ನೋವಿಲ್ಲದೆ ಕೈಗೆ ಬರುತ್ತದೆ, ಮೊಲೆಗಳೂ ಮರಿಗಳಿಗೆ ಸುಲಭವಾಗಿ ಸಿಗುತ್ತವೆ. ಸಾಲದಿದ್ದರೆ ವಾಸನೆ ಇಲ್ಲದ ಟಿಶ್ಯೂ ಪೇಪರನ್ನು ಸಣ್ಣಗೆ ಹರಿದು ಸೇರಿಸಿ. ಹತ್ತಿ, ಉಲ್ಲನ್ ದಾರ, ಎಳೆ ಬಿಟ್ಟ ಬಟ್ಟೆ ಬೇಡ. ಎಳೆ ಕಾಲಿಗೋ ಕತ್ತಿಗೋ ಸುತ್ತಿಕೊಂಡರೆ ಬೆಳೆಯುತ್ತಾ ಬಿಗಿಯುತ್ತದೆ, ರಕ್ತ ಓಡಾಟ ನಿಂತು ಕಾಲೇ ಹೋಗುತ್ತದೆ.

ಗೂಡು ಒದ್ದೆಯಾಗಿ ವಾಸನೆ ಬರುತ್ತಿದೆ. ಬದಲಿಸಬಹುದಾ?

ಬದಲಿಸಲೇಬೇಕು. ಉಚ್ಚೆಯ ಘಾಟು ನಿಮ್ಮ ಮೂಗಿಗೆ ಬಡಿದರೆ ಮರಿಗಳ ಕಣ್ಣಿಗೂ ಉಸಿರಿಗೂ ಅದು ಆಗಲೇ ತೊಂದರೆ ಕೊಡುತ್ತಿದೆ ಅಂತ. ಒಣಗಿರುವ ತುಪ್ಪಳ ಉಳಿಸಿಕೊಂಡು ಕೆಳಗಿನ ಹುಲ್ಲು ಹೊಸದು ಹಾಕಿ, ಗುಳಿ ಮೊದಲಿದ್ದ ಜಾಗದಲ್ಲೇ ಇರಲಿ. ಗೂಡಿನಲ್ಲಿ ತಾಯಿಯ ನಾಲ್ಕಾರು ಹಿಕ್ಕೆ ಕಂಡರೆ ಅಸಹ್ಯಪಡಬೇಡಿ, ಮರಿಗಳು ಅದನ್ನು ಮೆಲ್ಲುತ್ತವೆ, ಕರುಳಿಗೆ ಬೇಕಾದ ಒಳ್ಳೆಯ ಸೂಕ್ಷ್ಮಜೀವಿಗಳು ಸಿಗುವ ದಾರಿಗಳಲ್ಲಿ ಅದೂ ಒಂದು. ಪೆಟ್ಟಿಗೆಯ ತಳ ನುಣುಪಾಗಿರಬಾರದು, ಜಾರಿ ಜಾರಿ ಕಾಲು ಅಗಲಕ್ಕೆ ಹೋಗಿಬಿಡುತ್ತದೆ.

ಇರುವೆ ಬಂದರೆ?

ಬರುವ ಮೊದಲೇ ತಡೆಯಿರಿ. ಹಾಲಿನ ವಾಸನೆಗೆ ಬಂದ ಕೆಂಪಿರುವೆ ಬೋಳು ಮರಿಗಳನ್ನು ಒಂದೇ ರಾತ್ರಿಯಲ್ಲಿ ಕಚ್ಚಿ ಕೊಲ್ಲಬಲ್ಲವು. ಪಂಜರದ ಕಾಲುಗಳನ್ನು ನೀರು ತುಂಬಿದ ಬಟ್ಟಲಲ್ಲಿ ಇಡಿ, ಪಂಜರ ಗೋಡೆಗೆ ತಾಗದಿರಲಿ. ಗೂಡಿನ ಹತ್ತಿರ ಇರುವೆ ಪುಡಿ, ಔಷಧಿ ಹಾಕಬೇಡಿ. ಇಲಿ, ಹೆಗ್ಗಣ ನುಸುಳುವಷ್ಟು ಸಂದಿ ಇದ್ದರೆ ಅದನ್ನೂ ಮುಚ್ಚಿ.

ಒಂದು ಮರಿ ಮಾತ್ರ ತುಂಬಾ ಸಣ್ಣದು.

ಎಂಟು ಹತ್ತು ಮರಿಗಳಲ್ಲಿ ಒಂದು ಹಿಂದೆ ಬೀಳುವುದು ಸಾಮಾನ್ಯ. ತಾಯಿಗೆ ಇರುವುದು ಎಂಟೋ ಹತ್ತೋ ಮೊಲೆ, ನುಗ್ಗಾಟದಲ್ಲಿ ಇದಕ್ಕೆ ಜಾಗ ಸಿಗಲ್ಲ. ತಾಯಿಯನ್ನು ಹಿಡಿದುಕೊಂಡು ಈ ಮರಿಯನ್ನೂ ಜೊತೆಗೆ ಇನ್ನೊಂದನ್ನೂ ಮೊದಲು ಕುಡಿಸಿ, ಆಮೇಲೆ ಉಳಿದವನ್ನು ಬಿಡಿ. ಕೆಲವು ದಿನ ಹೀಗೆ ಮಾಡಿದರೆ ಚೇತರಿಸಿಕೊಳ್ಳಬಹುದು. ಕುಬ್ಜ ತಳಿಗಳಲ್ಲಿ ಮಾತ್ರ ಇನ್ನೊಂದು ಬಗೆಯಿದೆ: ಉಳಿದವುಗಳ ಅರ್ಧದಷ್ಟೇ ಮೈ, ದಪ್ಪ ತಲೆ, ಸೊರಗಿದ ಹಿಂಭಾಗ. ತಂದೆ ತಾಯಿ ಇಬ್ಬರಿಂದಲೂ ಕುಬ್ಜ ಜೀನ್ ಬಂದ ಮರಿ ಅದು. ಏನೇ ಮಾಡಿದರೂ ಕೆಲವೇ ದಿನಗಳಲ್ಲಿ ಹೋಗಿಬಿಡುತ್ತದೆ, ಅದಕ್ಕೆ ನಿಮ್ಮ ಆರೈಕೆ ಕಾರಣವಲ್ಲ.

ತಾಯಿ ಮರಿಯನ್ನು ತಿಂದಿದೆ!

ನೋಡಲು ಕಷ್ಟವೇ. ಹೆಚ್ಚಿನ ಸಲ ಅದು ಸತ್ತೇ ಹುಟ್ಟಿದ ಮರಿಯಾಗಿರುತ್ತದೆ, ಅಥವಾ ಮಾಸು ತಿನ್ನುವಾಗ ಮರಿಯ ಕಿವಿ, ಬಾಲಕ್ಕೂ ಬಾಯಿ ಬಿದ್ದಿರುತ್ತದೆ. ನೀರು ಸಾಲದಿದ್ದರೆ, ನಾಯಿಯೋ ಗದ್ದಲವೋ ಬೆದರಿಸಿದ್ದರೆ, ಮೊದಲ ಹೆರಿಗೆಯಾಗಿದ್ದರೆ ಸಾಧ್ಯತೆ ಜಾಸ್ತಿ. ಉಳಿದ ಮರಿಗಳನ್ನು ಬೇರೆ ಪೆಟ್ಟಿಗೆಯಲ್ಲಿ ಬೆಚ್ಚಗಿಟ್ಟು, ದಿನಕ್ಕೊಂದು ಸಲ ನಿಮ್ಮ ಕಣ್ಣೆದುರೇ ಕುಡಿಸಿ.

ತಾಯಿಯಲ್ಲಿ ಏನು ನೋಡಬೇಕು?

ಮರಿಗಳ ಗಲಾಟೆಯಲ್ಲಿ ಇದನ್ನು ಎಲ್ಲರೂ ಮರೆಯುತ್ತಾರೆ. ದಿನಾ ಹೊಟ್ಟೆಯ ಕೆಳಗೆ ಕೈಯಾಡಿಸಿ. ಮೊಲೆ ಮೆತ್ತಗಿರಬೇಕು. ಗಟ್ಟಿಯಾಗಿ, ಬಿಸಿಯಾಗಿ, ಕೆಂಪು ಅಥವಾ ನೀಲಿ ಬಣ್ಣಕ್ಕೆ ತಿರುಗಿದ್ದರೆ ಅದು ಮೊಲೆಬಾವು, ಅವತ್ತೇ ಪಶುವೈದ್ಯರಿಗೆ ತೋರಿಸಿ. ಆ ತಾಯಿಯ ಮರಿಗಳನ್ನು ಬೇರೆ ಮೊಲಕ್ಕೆ ಕುಡಿಯಲು ಬಿಡಬೇಡಿ, ಸೋಂಕು ಅದಕ್ಕೂ ಹರಡುತ್ತದೆ. ಅರ್ಧ ದಿನ ಏನೂ ತಿನ್ನದೆ ಹಿಕ್ಕೆಯೂ ಹಾಕದೆ ಮೂಲೆ ಸೇರಿದ ಮೊಲಕ್ಕೂ ಕಾಯುವ ಹೊತ್ತಿಲ್ಲ. ಮರಿ ಹಾಕಿದ ಮೇಲೂ ತಿಣುಕುತ್ತಲೇ ಇದ್ದರೆ ಒಳಗೆ ಇನ್ನೊಂದು ಸಿಕ್ಕಿಕೊಂಡಿರಬಹುದು.

ಗಂಡು ಮೊಲ ಜೊತೆಗಿದ್ದರೆ ಈಗಲೇ ಬೇರೆ ಮಾಡಿ. ಮರಿ ಹಾಕಿದ ದಿನವೇ ಮತ್ತೆ ಗಬ್ಬ ಕಟ್ಟಬಹುದು.

ತಾಯಿ ಸತ್ತುಹೋಗಿದೆ ಅಥವಾ ಹಾಲೇ ಇಲ್ಲ. ಸಿರಿಂಜಿನಲ್ಲಿ ಕುಡಿಸಬಹುದಾ?

ಅದಕ್ಕಿಂತ ಒಳ್ಳೆಯ ದಾರಿ ಅದೇ ಹೊತ್ತಿಗೆ ಮರಿ ಹಾಕಿದ ಇನ್ನೊಂದು ಮೊಲ. ವಯಸ್ಸಿನಲ್ಲಿ ಎರಡು ಮೂರು ದಿನಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಆ ಗೂಡಿನ ತುಪ್ಪಳವನ್ನು ಮರಿಗಳ ಮೈಗೆ ಸವರಿ, ಅದರ ಮರಿಗಳ ನಡುವೆ ಸೇರಿಸಿದರೆ ಬಹುತೇಕ ಒಪ್ಪಿಕೊಳ್ಳುತ್ತದೆ.

ಬೇರೆ ದಾರಿಯಿಲ್ಲದಿದ್ದರೆ ಮಾತ್ರ ಸಿರಿಂಜು. ಬೆಕ್ಕಿನ ಮರಿಗಳಿಗೆ ಅಂತ ಸಿಗುವ ಹಾಲಿನ ಪುಡಿ ಅಥವಾ ಆಡಿನ ಹಾಲು, ಹಸುವಿನ ಹಾಲು ಬೇಡ. ಹುಟ್ಟಿದ ಮರಿಗೆ ದಿನಕ್ಕೆ ಸುಮಾರು 5 ಮಿಲಿ, ಎರಡು ಹೊತ್ತಿಗೆ ಹಂಚಿ. ವಾರದ ಹೊತ್ತಿಗೆ 10ರಿಂದ 15 ಮಿಲಿ. ಸಣ್ಣ ತಳಿಗೆ ಇದಕ್ಕಿಂತ ಕಡಿಮೆ, ವೈದ್ಯರನ್ನು ಕೇಳಿ. ಮರಿಯನ್ನು ಅಂಗಾತ ಮಲಗಿಸಬೇಡಿ, ಕೂತಂತೆ ಹಿಡಿದು ಬಾಯಿಯ ಪಕ್ಕಕ್ಕೆ ತೊಟ್ಟು ತೊಟ್ಟಾಗಿ ಬಿಡಿ, ಅದು ನೆಕ್ಕಿದಷ್ಟೇ. ಮೂಗಿನಲ್ಲಿ ಹಾಲು ಗುಳ್ಳೆ ಬಂದರೆ ತಕ್ಷಣ ನಿಲ್ಲಿಸಿ ಒರೆಸಿ. ಕುಡಿದ ಮೇಲೆ ಬೆಚ್ಚಗಿನ ಒದ್ದೆ ಬಟ್ಟೆಯಿಂದ ಹೊಟ್ಟೆಯ ಕೆಳಗೆ, ಉಚ್ಚೆ ಬರುವ ಜಾಗದಲ್ಲಿ ಮೆಲ್ಲಗೆ ಸವರಿ, ತಾಯಿ ನೆಕ್ಕಿ ಮಾಡುವ ಕೆಲಸ ಅದು. ಉಚ್ಚೆ ಕಟ್ಟಿದರೆ ಮರಿ ಉಳಿಯಲ್ಲ. ನಿಜ ಹೇಳಬೇಕೆಂದರೆ ಸಿರಿಂಜಿನ ಹಾಲಿನಲ್ಲಿ ಬೆಳೆದ ಮರಿಗಳಲ್ಲಿ ಎಲ್ಲವೂ ಉಳಿಯುವುದು ಅಪರೂಪ.

ಕಣ್ಣು ಯಾವಾಗ ಬಿಡುತ್ತವೆ?

ಹತ್ತರಿಂದ ಹನ್ನೆರಡನೇ ದಿನಕ್ಕೆ. 12 ದಾಟಿದರೂ ಬಿಡದಿದ್ದರೆ, ಅಥವಾ ರೆಪ್ಪೆ ಉಬ್ಬಿ ಹಳದಿ ಪಿಸುರು ಕಟ್ಟಿದ್ದರೆ, ಕಾಯಿಸಿ ಆರಿಸಿದ ಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದು ಪಿಸುರು ನೆನೆಸಿ ಒರೆಸಿ. ಬೆರಳಿನಲ್ಲಿ ರೆಪ್ಪೆ ಬಿಡಿಸಲು ಹೋಗಬೇಡಿ. ಒಳಗೆ ಕೀವು ಇದ್ದರೆ ಔಷಧಿ ಬೇಕು, ತಡಮಾಡಿದರೆ ಕಣ್ಣೇ ಹೋಗಬಹುದು.

ಹೊಲದಲ್ಲಿ ಹುಲ್ಲಿನ ನಡುವೆ ಒಂಟಿ ಮರಿ ಸಿಕ್ಕಿದೆ. ಕಣ್ಣು ಬಿಟ್ಟಿದೆ, ಮೈತುಂಬ ಕೂದಲಿದೆ.

ಅದು ಬಹುಶಃ ಕಾಡುಮೊಲದ ಮರಿ. ಅದರ ಜಾತಿಯೇ ಬೇರೆ. ಅದು ಹುಟ್ಟುವಾಗಲೇ ಕಣ್ಣು ಬಿಟ್ಟಿರುತ್ತದೆ, ಗೂಡೂ ಇರಲ್ಲ. ಗಾಯ ಇಲ್ಲದಿದ್ದರೆ ಅಲ್ಲೇ ಬಿಡಿ, ಕತ್ತಲಾದ ಮೇಲೆ ತಾಯಿ ಬರುತ್ತದೆ.

ಎಷ್ಟು ದಿನ ಹೀಗೆ ನೋಡುತ್ತಿರಬೇಕು?

ಮರಿಗಳು ಎರಡು ವಾರ ದಾಟಿದ ಮೇಲೆ ತಾವಾಗಿ ಹೊರಗೆ ಇಣುಕುತ್ತವೆ, ಮೂರನೇ ವಾರದಲ್ಲಿ ತಾಯಿಯ ಹುಲ್ಲಿಗೆ ಬಾಯಿ ಹಾಕುತ್ತವೆ. ಕಣ್ಣು ಬಿಡುವ ಮೊದಲೇ ಹೊರಗೆ ಬರುತ್ತಿದ್ದರೆ ಹಸಿವೋ ಸೆಕೆಯೋ ಇರಬೇಕು, ಅದನ್ನು ಮೊದಲು ನೋಡಿ. ಎಲ್ಲ ಮರಿಗಳೂ ಹಾರಿ ಒಳಗೆ ಹೊರಗೆ ಓಡಾಡತೊಡಗಿದಾಗ, ಸುಮಾರು 18ರಿಂದ 21ನೇ ದಿನಕ್ಕೆ ಪೆಟ್ಟಿಗೆ ತೆಗೆದುಬಿಡಿ. ಚಳಿ ಇದ್ದರೆ ಇನ್ನೂ ಸ್ವಲ್ಪ ದಿನ ಇರಲಿ. ಹಾಲು ಬಿಡಿಸುವುದು ಆರು ವಾರದ ಮೇಲೇ. ಅಲ್ಲಿಯವರೆಗೆ ಹೊಟ್ಟೆ ಮುಟ್ಟಿ ನೋಡುವ ಬದಲು ಹಿಂಭಾಗ ನೋಡಿ: ಬೇಧಿಯಾಗಿ ಬಾಲದ ಕೆಳಗೆ ಒದ್ದೆ ಅಂಟಿಕೊಂಡಿದ್ದರೆ ಸೊಪ್ಪು, ಕಾಳು ಎರಡೂ ನಿಲ್ಲಿಸಿ, ಹುಲ್ಲು ನೀರು ಮಾತ್ರ ಬಿಟ್ಟು, ಅವತ್ತೇ ವೈದ್ಯರ ಹತ್ತಿರ ಹೋಗಿ.